ಚೌಡಿ ಸಿಲಬಸ್‌ನಲ್ಲಿ ಇಲ್ಲ

(1/8)
📷 ಹೊಳೆಬಾಗಿಲು ದಾರಿಯಲ್ಲಿ ಒಂದು ಅಡಿಕೆ ತೋಟದ ಬೇಲಿ

ಬೇಲಿಗೆ ಹೊಡೆದಿರೋ ಆ ಬೋರ್ಡು ನಿಮಗೂ ಗೊತ್ತು. ಈ ಜಾಗಕ್ಕೆ ಸಿಗಂದೂರು ಚೌಡೇಶ್ವರಿ ಅಮ್ಮನ ಕಾವಲಿದೆ ಅಂತ ಬರೆದಿರ್ತಾರೆ. ಸಾಗರದಿಂದ ಕುಂದಾಪುರದ ತನಕ ತೋಟ, ಖಾಲಿ ಸೈಟು, ಅರ್ಧ ಕಟ್ಟಿ ಬಿಟ್ಟ ಮನೆ, ಎಲ್ಲಿ ನೋಡಿದ್ರೂ ಇದೆ. ಸಿಸಿ ಕ್ಯಾಮೆರಾಕ್ಕಿಂತ ಅಗ್ಗ, ಅದಕ್ಕಿಂತ ಜಾಸ್ತಿ ಭಯ. ನಾವು ನಕ್ಕು ಮುಂದೆ ಹೋಗ್ತೀವಿ.

ಸ್ವಲ್ಪ ನಿಂತು ಯೋಚನೆ ಮಾಡಿ. ಆ ಬೋರ್ಡಿನ ಹಿಂದೆ ಎಂತ ವಿಚಾರ ಇದೆ? ಪ್ರತಿ ಗದ್ದೆಗೆ, ಕೆರೆ ಏರಿಗೆ, ಕಾಡಿನ ಅಂಚಿಗೆ ಕಾಯುವವಳೊಬ್ಬಳು ಇದ್ದಾಳೆ. ಪಹಣಿಯಲ್ಲಿ ಯಾರ ಹೆಸರೇ ಇರಲಿ, ನೆಲ ಮೊದಲು ಅವಳದ್ದು, ನಮಗೆ ಸಿಕ್ಕಿರೋದು ಉಳುಮೆ ಮಾಡಿಕೊಂಡು ತಿನ್ನುವ ಅವಕಾಶ ಮಾತ್ರ. ಮಲೆನಾಡಿನ ಚೌಡಿ ಅಂದ್ರೆ ಇದು. ಮರದ ಬುಡದಲ್ಲಿ ಒಂದು ಕಲ್ಲು, ಸ್ವಲ್ಪ ಕುಂಕುಮ, ವರ್ಷಕ್ಕೊಂದು ಸಲ ಪೂಜೆ. ಗೋಪುರ ಇಲ್ಲ, ಗ್ರಂಥ ಇಲ್ಲ. ಆದರೆ ನೆಲ ಯಾರದ್ದು, ನಾವು ಅದಕ್ಕೆ ಎಂತ ಬಾಕಿ ಕೊಡಬೇಕು ಅನ್ನೋ ಪ್ರಶ್ನೆಗೆ ಒಂದು ಪೂರ್ತಿ ಉತ್ತರ ಇದೆ.

ಹೈಸ್ಕೂಲಿನ ಸಮಾಜ ವಿಜ್ಞಾನದಲ್ಲಿ ನಾವು ಜೈನ, ಬೌದ್ಧ, ಕ್ರೈಸ್ತ, ಇಸ್ಲಾಂ ಎಲ್ಲ ಓದಿದ್ವಿ. ಶಂಕರ, ರಾಮಾನುಜ, ಮಧ್ವ, ಬಸವಣ್ಣ ಓದಿದ್ವಿ. ಓದಲೇಬೇಕು, ಅದರ ಮೇಲೆ ನನ್ನ ತಕರಾರಿಲ್ಲ. ಆದರೆ ಶಾಲೆಯ ಕಾಂಪೌಂಡಿನ ಆಚೆಗೇ ಇರೋ ಆ ಕಲ್ಲಿನ ಬಗ್ಗೆ ಹತ್ತು ವರ್ಷದಲ್ಲಿ ಒಂದು ಪೀರಿಯಡ್ಡೂ ಸಿಗಲಿಲ್ಲ ಯಾಕೆ? ಈ ಎಂಟು ಪೋಸ್ಟ್ ಅದರ ಬಗ್ಗೆ. ಉದ್ದ ಇದೆ, ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

(2/8)
📷 ಸೇತುವೆ ಮೇಲಿಂದ ಹಿನ್ನೀರು, ಸಂಜೆ

ಹೊರಗಿನ ಊರಿನವರಿಗೆ: ಹೊಳೆಬಾಗಿಲು ಅಂದ್ರೆ ಸಾಗರ ತಾಲೂಕಿನ ಅಂಬಾರಗೊಡ್ಲು ಕಡೆಯ ದಡ. ಎದುರು ದಡ ಕಳಸವಳ್ಳಿ, ಅಲ್ಲಿಂದ ಮುಂದೆ ತುಮರಿ, ಸಿಗಂದೂರು. ನಡುವೆ ಶರಾವತಿ ಹಿನ್ನೀರು. 2025ರ ಜುಲೈ 14ಕ್ಕೆ 2.44 ಕಿ.ಮೀ. ಉದ್ದದ ಸೇತುವೆ ಉದ್ಘಾಟನೆ ಆಯ್ತು. ಅಲ್ಲಿ ತನಕ ಲಾಂಚೇ ಗತಿ.

ಈ ಹೆಸರು ನನಗೆ ಭಾರಿ ಇಷ್ಟ. ಹೊಳೆಗೆ ಬಾಗಿಲು! ಬಾಗಿಲು ಇರೋದು ಮನೆಗೆ. ಹೆಸರು ಇಟ್ಟವರ ಕಣ್ಣಿಗೆ ಹೊಳೆ ಒಳಗೆ ಯಾರೋ ಇರುವ ಮನೆಯಾಗಿ ಕಂಡಿತ್ತೇನೋ ಅಂತ ನಾನು ಅಂದುಕೊಳ್ತೀನಿ.

ಈ ಹೊಳೆ ಹುಟ್ಟಿದ ಕಥೆ ಕೇಳಿದ್ರೆ ಕ್ಲಾಸಿನಲ್ಲಿ ಎಲ್ಲರೂ ಕೈ ಎತ್ತುತ್ತಾರೆ. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥ, ಸೀತೆಗೆ ಬಾಯಾರಿಕೆ, ರಾಮ ಬಿಟ್ಟ ಬಾಣ, ಅದಕ್ಕೇ ಶರಾವತಿ. ಒಳ್ಳೆ ಕಥೆ. ಆದರೆ ಈ ದಡದ ಜನಕ್ಕೆ ಇನ್ನೊಂದು ಹುಟ್ಟಿನ ಕಥೆ ಇದೆ, ಅದು 1964ರದ್ದು. ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ನೀರು ಏರಿದಾಗ ಮನೆ, ಗದ್ದೆ, ಬನ, ಚೌಡಿ ಕಟ್ಟೆ ಎಲ್ಲ ಒಳಗೆ ಹೋಯ್ತು. ಸಿಗಂದೂರು ದೇವಿಯ ಮೂಲ ಜಾಗವೂ ಮುಳುಗಿತು. ಈಗ ನಾವು ಸಾಲಿನಲ್ಲಿ ನಿಲ್ಲೋ ಗುಡಿ ಆಮೇಲಿನದ್ದು. ಸಾಗರದ ನಾ. ಡಿಸೋಜ ಅವರು ‘ಮುಳುಗಡೆ’ ಅಂತಲೇ ಕಾದಂಬರಿ ಬರೆದರು. ಮುಳುಗಡೆ ಕುಟುಂಬದ ಹಿರಿಯರ ಹತ್ತಿರ ಕೂತರೆ ನಮ್ಮ ದೇವರು ಎಲ್ಲಿಂದ ಎದ್ದು ಎಲ್ಲಿಗೆ ಬಂತು ಅನ್ನೋದರಿಂದಲೇ ಮಾತು ಶುರುವಾಗುತ್ತೆ. ಅದೇ ಅವರ ಸ್ಥಳಪುರಾಣ. ಮನೆ ಕಳಕೊಂಡ ಜನ ದೇವರಿಗೆ ಮೊದಲು ಮನೆ ಹುಡುಕಿದ ಕಥೆ.

ಬೇಸಿಗೆಯಲ್ಲಿ ನೀರು ಇಳಿದಾಗ ಮಡೆನೂರಿನ ಹಳೇ ಹಿರೇಭಾಸ್ಕರ ಡ್ಯಾಂ ಎದ್ದು ಕಾಣುತ್ತೆ, ನಾವೆಲ್ಲ ಹೋಗಿ ರೀಲ್ಸ್ ಮಾಡ್ತೀವಿ. ಡ್ಯಾಮಿನಿಂದ ಎಷ್ಟು ಕರೆಂಟು ಬರುತ್ತೆ ಅಂತ ಪರೀಕ್ಷೆಯಲ್ಲಿ ಬರೀತೀವಿ. ಆ ನೀರಿನ ಕೆಳಗಿದ್ದ ಬನ ಯಾರದ್ದು ಅಂತ ಯಾವ ಪ್ರಶ್ನೆಪತ್ರಿಕೆಯೂ ಕೇಳಿಲ್ಲ.

(3/8)
📷 ಭೂಮಣ್ಣಿ ಬುಟ್ಟಿ. ಕೆಮ್ಮಣ್ಣು ಒಣಗಿದೆ, ಬಿಳಿ ಗೆರೆ ಅರ್ಧ ಆಗಿದೆ

ಸರಣಿಯಲ್ಲಿ ಒಂದೇ ಪೋಸ್ಟ್ ಓದೋದಾದ್ರೆ ಇದನ್ನ ಓದಿ.

ಆಶ್ವೀಜದ ಹುಣ್ಣಿಮೆ. ದಸರಾ ಮುಗಿದು ಐದನೇ ದಿನ. ಬೇರೆ ಕಡೆ ಸೀಗೆ ಹುಣ್ಣಿಮೆ ಅಂತಾರೆ, ನಮ್ಮ ಕಡೆ ಭೂಮಿ ಹುಣ್ಣಿಮೆ. ಆ ಹೊತ್ತಿಗೆ ಭತ್ತ ಹೊಡೆಯಾಗಿರುತ್ತೆ, ತೆನೆ ಇನ್ನೂ ಎಲೆಯ ಒಳಗೇ ಇರುತ್ತೆ. ಅಂದ್ರೆ ಭೂಮಿ ಬಸುರಿ. ಮನೆಯಲ್ಲಿ ಬಸುರಿ ಹೆಂಗಸು ಇದ್ದರೆ ಎಂತ ಮಾಡ್ತೀರಿ? ಬಯಕೆ ಕೇಳಿ ಅಡುಗೆ ಮಾಡಿ ಬಡಿಸ್ತೀರಿ. ಭೂಮಿಗೂ ಅದೇ.

ದೀವರ ಮನೆಗಳಲ್ಲಿ ಹಬ್ಬಕ್ಕೆ ಮೊದಲೇ ಬಿದಿರಿನ ಬುಟ್ಟಿ ತಯಾರಾಗುತ್ತೆ. ಒಂದು ದೊಡ್ಡದು, ಒಂದು ಚಿಕ್ಕದು. ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಲ್ಲಿ ಹೆಂಗಸರು ಚಿತ್ತಾರ ಬರೀತಾರೆ. ಭತ್ತದ ಸಸಿ, ಏಣಿ, ಜೋಗಿ ಜಡೆ. ಗೆರೆ ಎಷ್ಟು ಸಣ್ಣ ಅಂದ್ರೆ ನೋಡಿದ್ರೆ ಪ್ರಿಂಟು ಅನ್ನಬೇಕು. ಹುಣ್ಣಿಮೆಯ ಹಿಂದಿನ ರಾತ್ರಿ ನಿದ್ದೆ ಇಲ್ಲ. ಕೊಟ್ಟೆ ಕಡುಬು, ಸೌತೆಕಾಯಿ ಕಡುಬು, ಪಲ್ಯ, ಪಾಯಸ. ಇದರ ಜೊತೆ ಒಂದು ವಿಶೇಷ ಇದೆ: ಕಾಡಿನ, ಹಿತ್ತಲಿನ, ಗದ್ದೆ ಬದುವಿನ ಎಲ್ಲ ಸೊಪ್ಪಿನ ಕುಡಿ ಒಟ್ಟು ಮಾಡಿ ಬೇಯಿಸೋದು. ನೂರೊಂದು ಕುಡಿ ಅನ್ನೋದು ಲೆಕ್ಕ. ಬೆಳಕು ಹರಿಯೋ ಮೊದಲು ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ಪೈರಿಗೆ ಪೂಜೆ ಮಾಡಿ, ಆ ಅಂಬಲಿಯನ್ನ ಗದ್ದೆಗೆ ಬೀರುತ್ತಾ ಭೂಮಿತಾಯಿಗೆ ಉಂಡು ಹೋಗು ಅಂತ ಕೂಗಿ ಕರೀತಾರೆ. ಕೆಲವರು ಮನೆ ಹೆಂಗಸಿನ ಆಭರಣವನ್ನೇ ಪೈರಿಗೆ ತೊಡಿಸ್ತಾರೆ. ಕಾಗೆಗೂ ಎಡೆ, ಇಲಿಗೂ ಎಡೆ. ಆಮೇಲೆ ಗದ್ದೆಯಲ್ಲೇ ಕೂತು ಮನೆಮಂದಿ ಊಟ.

ಇಲಿಗೆ ಎಡೆ! ಭತ್ತ ತಿನ್ನೋ ಇಲಿಗೆ! ಇದರ ಬಗ್ಗೆ ಎಷ್ಟು ಮಾತಾಡಬಹುದು ಹೇಳಿ. ಬೆಳೆ ನಮ್ಮದು ಮಾತ್ರ ಅಲ್ಲ ಅನ್ನೋ ಮಾತನ್ನ ಭಾಷಣ ಇಲ್ಲದೆ ಮಾಡಿ ತೋರಿಸೋದು ಹೀಗೆ. ನೂರೊಂದು ಕುಡಿ ಹುಡುಕಬೇಕಾದ್ರೆ ಎಷ್ಟು ಗಿಡದ ಹೆಸರು ಗೊತ್ತಿರಬೇಕು? ನಮ್ಮ ಬಯಾಲಜಿ ಲ್ಯಾಬಿನ ಹರ್ಬೇರಿಯಂ ಫೈಲಿನಲ್ಲಿ ಇಪ್ಪತ್ತು ಎಲೆ ಅಂಟಿಸೋಕೆ ನಾವು ಗೂಗಲ್ ಲೆನ್ಸ್ ಹಿಡೀತೀವಿ. ಒಬ್ಬ ಅಜ್ಜಿ ಟಾರ್ಚ್ ಇಲ್ಲದೆ ಕತ್ತಲಲ್ಲಿ ಮುಟ್ಟಿ ಹೇಳ್ತಾಳೆ ಮಾರಾಯ್ರೆ.

ಧರ್ಮ ಅಂದ್ರೆ ಒಬ್ಬ ಪ್ರವರ್ತಕ, ಒಂದು ಪುಸ್ತಕ, ಒಂದು ಇಸವಿ ಅಂತ ಕಲಿತ ತಲೆಗೆ ಇದು ಧರ್ಮ ಅಂತ ಹೊಳೆಯೋದೇ ಇಲ್ಲ. ‘ಹಬ್ಬ’ ಅಂತ ಸಣ್ಣ ಮಾಡಿ ಬಿಡ್ತೀವಿ.

(4/8)
📷 ಯಾವುದೋ ಶಾಲೆಯ ವೇದಿಕೆ, ಹಿಂದೆ ಫ್ಲೆಕ್ಸ್

ನ್ಯಾಯವಾಗಿ ಹೇಳಬೇಕಂದ್ರೆ ಶಾಲೆ ಇದನ್ನ ಪೂರ್ತಿ ಬಿಟ್ಟಿಲ್ಲ. ತಗೊಂಡಿದೆ. ಆದರೆ ಎಂತ ತಗೊಂಡಿದೆ ನೋಡಿ. ಹಸೆ ಚಿತ್ತಾರವನ್ನ ಡ್ರಾಯಿಂಗ್ ಪೀರಿಯಡ್ಡಿಗೆ ತಗೊಂಡಿತು. ಕುಣಿತವನ್ನ ಪ್ರತಿಭಾ ಕಾರಂಜಿಗೆ ತಗೊಂಡಿತು. ಭೂತವನ್ನ ಛದ್ಮವೇಷಕ್ಕೆ ತಗೊಂಡಿತು. ಬುಟ್ಟಿ ಬಂತು, ಬುಟ್ಟಿಯಲ್ಲಿ ಇದ್ದ ಅನ್ನ ಬರಲಿಲ್ಲ. ಯಾರಿಗೆ ಆ ಅನ್ನ ಅನ್ನೋ ಮಾತಂತೂ ಬರಲೇ ಇಲ್ಲ.

ಜಾನಪದ ‘ಕಲೆ’ ಅಂತ ಕರೆದ ಕೂಡಲೇ ಅದಕ್ಕೆ ಚಪ್ಪಾಳೆ ತಟ್ಟಬಹುದು, ಬಹುಮಾನ ಕೊಡಬಹುದು, ಅದರ ಜೊತೆ ವಾದ ಮಾಡಬೇಕಾಗಿಲ್ಲ. ಶಂಕರರ ವಿಚಾರವನ್ನ ನಾವು ವಿಚಾರ ಅಂತ ಓದ್ತೀವಿ. ದೀವರ ಅಜ್ಜಿಯ ವಿಚಾರ ಡಿಸೈನ್ ಆಗಿ ಸೀರೆ ಬಾರ್ಡರಿಗೆ ಹೋಗುತ್ತೆ. ನನಗೆ ಸಿಟ್ಟು ಬರೋದು ಇಲ್ಲಿ.

ಕಾಂತಾರ ಬಂದ ಮೇಲೆ (2022ರದ್ದು, ಆಮೇಲೆ 2025ರ ಚಾಪ್ಟರ್ 1) ಎಲ್ಲರಿಗೂ ದೈವ ಅಂದ್ರೆ ಗೊತ್ತು ಅಂತ ಆಗಿದೆ. ಥಿಯೇಟರಿನಲ್ಲಿ ಮೈಮೇಲೆ ಬಂದ ಹಾಗೆ ಕೂಗೋದು, ವೇಷ ಹಾಕಿ ರೀಲ್ಸ್ ಮಾಡೋದು, ಕೊನೆಗೆ ಸಿನಿಮಾದವರೇ ದೈವವನ್ನ ಅನುಕರಿಸಬೇಡಿ ಅಂತ ಕೈಮುಗಿದು ಕೇಳಬೇಕಾಯ್ತು. ತುಳುನಾಡಿನ ಜನಕ್ಕೆ ನೋವಾಗಿದ್ದು ಸರಿಯೇ. ಇನ್ನೊಂದು ಮಾತು ಸೇರಿಸ್ತೀನಿ: ಘಟ್ಟದ ಮೇಲಿನ ನಮ್ಮ ಚೌಡಿ, ಜಟ್ಟಿಗ, ಭೂತಪ್ಪ ಕಾಂತಾರದ ಪಂಜುರ್ಲಿ ಅಲ್ಲ. ಇಲ್ಲಿ ಎಷ್ಟೋ ಕಡೆ ಕುಣಿತವೂ ಇಲ್ಲ, ಮುಖವರ್ಣಿಕೆಯೂ ಇಲ್ಲ, ಸುಮ್ಮನೆ ಒಂದು ಕಲ್ಲು ಮತ್ತು ಮೌನ. ಕ್ಯಾಮೆರಾಕ್ಕೆ ಸಿಗೋ ಸರಕೇ ಅಲ್ಲ. ಅದಕ್ಕೇ ಇರಬೇಕು ಯಾರೂ ಅದರ ಬಗ್ಗೆ ಕೇಳಲ್ಲ. ಈ ಸರಣಿಯಲ್ಲೂ ಚೌಡಿ ಕಲ್ಲಿನ ಫೋಟೊ ಇಲ್ಲ, ಹುಡುಕಬೇಡಿ. ಮನೆಯವರು ಬೇಡ ಅಂದ್ರು.

(5/8)
📷 ಹಣತೆ, ಗಾಳಿಗೆ ಅಡ್ಡ ಹಿಡಿದ ಕೈ

ಚಿಕ್ಕದು ಇದು. ಬಲಿ ಚಕ್ರವರ್ತಿ ಕಥೆ ಎಲ್ಲರಿಗೂ ಗೊತ್ತು: ವಾಮನ ಮೂರು ಹೆಜ್ಜೆ ಕೇಳಿದ, ಬಲಿ ಪಾತಾಳಕ್ಕೆ. ಅಮರ ಚಿತ್ರಕಥೆಯ ಪುಟ ಅಲ್ಲಿಗೆ ಮುಗೀತು. ಆದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ದೀಪಾವಳಿ ರಾತ್ರಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಮನೆ ಮನೆಗೆ ಹಾಡಿಕೊಂಡು ಬರ್ತಾರಲ್ಲ, ಅವರ ಬಾಯಲ್ಲಿ ಬಲಿ ಸೋತವನಲ್ಲ. ವರ್ಷಕ್ಕೊಮ್ಮೆ ತನ್ನ ನಾಡು ನೋಡೋಕೆ ವಾಪಸ್ ಬರೋ ಬಲೀಂದ್ರ. ಆ ದೀಪ ದಾರಿಯಲ್ಲಿ ಆರಬಾರದು. ಅಂಗಳಕ್ಕೆ ಬಂದ ದೀಪದಿಂದ ಮನೆಯವರು ತಮ್ಮ ದೀಪ ಹಚ್ಚಿಕೊಳ್ತಾರೆ.

ಒಂದೇ ಕಥೆ, ಎರಡು ಬದಿಯಿಂದ. ಒಂದರಲ್ಲಿ ಅಸುರ, ಇನ್ನೊಂದರಲ್ಲಿ ನಮ್ಮ ರಾಜ. ಎಂಟನೇ ಕ್ಲಾಸಿನ ಮಕ್ಕಳ ಮುಂದೆ ಎರಡನ್ನೂ ಇಟ್ಟು, ಯಾರು ಹೇಳಿದ ಕಥೆ ಇದು, ಯಾಕೆ ಹೀಗೆ ಹೇಳಿದ್ರು ಅಂತ ಕೇಳಿ ಸುಮ್ಮನೆ ಕೂರಿ. ಇತಿಹಾಸ ಓದೋದು ಹೇಗೆ ಅಂತ ಆ ಒಂದು ಪೀರಿಯಡ್ಡಿನಲ್ಲಿ ಕಲಿಯೋಷ್ಟು ಇಡೀ ವರ್ಷದ ನೋಟ್ಸಿನಲ್ಲಿ ಕಲಿಯಲ್ಲ.

(6/8)
📷 ಲೈಬ್ರರಿಯ ಕಪಾಟು

ಹಿಂದಿನ ಪೋಸ್ಟ್‌ಗಳ ಬಗ್ಗೆ ಸಿಕ್ಕಿದವರೆಲ್ಲ ಎರಡು ಮಾತು ಹೇಳ್ತಾರೆ.

ಒಂದು, ಶಾಲೆಯಲ್ಲಿ ಧರ್ಮ ಬೇಡ, ಸಂವಿಧಾನದಲ್ಲೇ ಇದೆ. ಇದೆ, 28ನೇ ವಿಧಿ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯೋ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೊಡಬಾರದು ಅಂತ. ಆದರೆ ಪೂಜೆ ಮಾಡಿಸೋದು ಬೇರೆ, ಜನ ಎಂತ ನಂಬಿದ್ರು ಅಂತ ತಿಳಿಸೋದು ಬೇರೆ. 2002ರ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಧರ್ಮಗಳ ಬಗ್ಗೆ ಕಲಿಸೋದಕ್ಕೆ ಈ ವಿಧಿ ಅಡ್ಡ ಬರಲ್ಲ ಅಂತ ಹೇಳಿದೆ. ಬುದ್ಧನ ಪಾಠ ಇರೋದೂ ಅದೇ ಲೆಕ್ಕದಲ್ಲಿ. ಚೌಡಿಗೆ ಮಾತ್ರ ಬೇರೆ ರೂಲ್ಸ್ ಯಾಕೆ?

ಎರಡನೇದು ಗಟ್ಟಿ ಪ್ರಶ್ನೆ: ಇದು ಮೂಢನಂಬಿಕೆಯನ್ನ ಬೆಳೆಸಿದ ಹಾಗಲ್ವಾ? ಕುವೆಂಪು ಬೆಳೆದ ಜಿಲ್ಲೆಯವರು ಈ ಪ್ರಶ್ನೆಯನ್ನ ತಳ್ಳಿಹಾಕೋ ಹಾಗಿಲ್ಲ. ಜೀವನ ಪೂರ್ತಿ ಮೌಢ್ಯದ ವಿರುದ್ಧ ಮಾತಾಡಿದವರು ಅವರು. ಆದರೆ ‘ಕಾನೂರು ಹೆಗ್ಗಡಿತಿ’ ತೆಗೆದು ನೋಡಿ, ಭೂತ, ಬನ, ಹರಕೆ ಎಲ್ಲ ಅಲ್ಲೇ ಇವೆ. ಆ ಜನರನ್ನ ಕೆಳಗೆ ನೋಡಿ ಬರೆದಿಲ್ಲ. ಒಪ್ಪದೆ ಇರೋದನ್ನೂ ಅಷ್ಟು ಹತ್ತಿರದಿಂದ ನೋಡಬಹುದು ಅಂತ ನಾನು ಕಲಿತದ್ದು ಅಲ್ಲಿಂದ.

ಪಕ್ಕದ ಸೊರಬ ತಾಲೂಕಿನ ಚಂದ್ರಗುತ್ತಿ ನೆನಪು ಮಾಡ್ಕೊಳ್ಳಿ. ರೇಣುಕಾಂಬೆಗೆ ಬೆತ್ತಲೆ ಸೇವೆ. 1986ರಲ್ಲಿ ತಡೆಯೋಕೆ ಹೋದ ಕಾರ್ಯಕರ್ತರ, ಪೊಲೀಸರ ಮೇಲೆ ಹಲ್ಲೆ ಆಯ್ತು, ಆಮೇಲೆ ಸೇವೆ ನಿಷೇಧ ಆಯ್ತು. ನಿಂತಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಬಡ ಹೆಂಗಸರ ಮಾನ ಹರಕೆಯ ವಸ್ತು ಆಗಬಾರದು. ತೀರ್ಥಹಳ್ಳಿ ಮೇಳಿಗೆಯ ಯು.ಆರ್. ಅನಂತಮೂರ್ತಿ ಮಾತ್ರ ಆಗ ಸುಲಭದ ಪಕ್ಷ ಹಿಡೀಲಿಲ್ಲ. ‘ಬೆತ್ತಲೆ ಪೂಜೆ ಯಾಕೆ ಕೂಡದು’ ಅಂತ ಬರೆದು ಎರಡೂ ಕಡೆಯವರಿಗೆ ಮುಜುಗರ ಮಾಡಿದ್ರು. ಅದರಲ್ಲಿ ಒಂದು ಪ್ರಸಂಗ ಬರುತ್ತೆ. ಉತ್ತರ ಭಾರತದ ಹಳ್ಳಿಯೊಂದರ ಗುಡಿಸಲಿನಲ್ಲಿ ಕುಂಕುಮ ಹಚ್ಚಿದ ಕಲ್ಲು. ಫೋಟೊ ತೆಗೆಯೋಕೆ ಅಂತ ಒಬ್ಬ ಚಿತ್ರಕಾರ ಅದನ್ನ ಬಿಸಿಲಿಗೆ ತರಿಸಿದ. ಆಮೇಲೆ ಮೈಲಿಗೆ ಆಯ್ತೇನೋ ಅಂತ ಕ್ಷಮೆ ಕೇಳಿದ. ರೈತ ಅಂದ, ಪರವಾಗಿಲ್ಲ, ಇನ್ನೊಂದು ಕಲ್ಲು ತಂದು ಕುಂಕುಮ ಹಚ್ತೀನಿ ಅಂತ.

ಕಲ್ಲನ್ನ ಪೂಜೆ ಮಾಡೋರು ದಡ್ಡರು ಅಂತ ನಗೋ ಮೊದಲು ಈ ಉತ್ತರವನ್ನ ಎರಡು ಸಲ ಓದಿ. ಕಲ್ಲು ಕಲ್ಲೇ ಅಂತ ಅವನಿಗೆ ನಮಗಿಂತ ಚೆನ್ನಾಗಿ ಗೊತ್ತಿದೆ.

ಹಾಗಾಗಿ ಕಲಿಸೋದಾದ್ರೆ ಇದೆಲ್ಲ ಸೇರಿಸಿಯೇ ಕಲಿಸಬೇಕು. ಬಲಿ ಕೊಡೋದು, ಯಾರು ಎಲ್ಲಿ ನಿಲ್ಲಬೇಕು ಅನ್ನೋ ಜಾತಿ ಲೆಕ್ಕ, ಹೆಂಗಸು ಹತ್ತಿರ ಬರಬಾರದ ದಿನಗಳು. ಭಜನೆಯೂ ಬೇಡ, ಗೇಲಿಯೂ ಬೇಡ.

(7/8)
📷 ಬಿಳಿಗಿರಿರಂಗನ ಬೆಟ್ಟ, ಹೋದ ವರ್ಷದ ಟೂರ್

ಇದೆಲ್ಲ ಗೊತ್ತಿದ್ರೆ ಸಿಗೋದು ಎಂತ ಅಂತ ಕೇಳೋರಿಗೆ.

ಚಾಮರಾಜನಗರದ ಸೋಲಿಗರು ಬಿಳಿಗಿರಿ ರಂಗನಾಥನನ್ನ ಭಾವ ಅಂತಾರೆ. ಸೋಲಿಗರ ಹುಡುಗಿ ಕುಸುಮಾಲೆಯನ್ನ ಮದುವೆ ಆದವನಲ್ವಾ, ಅದಕ್ಕೆ. ದೇವರ ಜೊತೆ ನೆಂಟಸ್ತಿಕೆ! ಅವರ ಕಾಡಿನಲ್ಲಿ ದೇವರು, ಮಾರಿ, ವೀರು, ಕಲ್ಲುಗುಡಿ, ಅಬ್ಬಿ ಅಂತ ಬೇರೆ ಬೇರೆ ಬಗೆಯ ಪವಿತ್ರ ಜಾಗಗಳಿವೆ, ಯಾವ ಕುಲದ್ದು ಯಾವುದು ಅಂತ ಎಲ್ಲೆ ಇದೆ. ಸಂಶೋಧಕರ ಜೊತೆ ಸೇರಿ ಸೋಲಿಗರು ಇವನ್ನ ನಕ್ಷೆ ಮಾಡಿದ್ರು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದ ಒಳಗೇ ಅವರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ನೀವು ಇಲ್ಲಿ ಯಾವಾಗಿಂದ ಇದ್ದೀರಿ ಅಂತ ಕೇಳಿದವರಿಗೆ ಆ ನಕ್ಷೆಯೂ ಒಂದು ಉತ್ತರ.

ಈಗ ನಮ್ಮ ಹೊಳೆಗೆ ಬನ್ನಿ. ಮುಳುಗಡೆಯ ಎಷ್ಟೋ ಕುಟುಂಬಗಳಿಗೆ ಅರವತ್ತು ವರ್ಷ ಆದ್ರೂ ಜಮೀನಿನ ಹಕ್ಕುಪತ್ರ ಸರಿಯಾಗಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡ ಅಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದ್ರೆ 75 ವರ್ಷ, ಅಲ್ಲಿದ್ದೆವು ಅಂತ ತೋರಿಸಬೇಕು. ಎಂತ ತೋರಿಸೋದು? ಕಾಗದ ಎಲ್ಲಿದೆ? ಆ ಕಾಯ್ದೆಯ ನಿಯಮದಲ್ಲೇ ಸಾಕ್ಷ್ಯದ ಪಟ್ಟಿ ಇದೆ, ಅದರಲ್ಲಿ ಹಳೇ ಬಾವಿ, ಸ್ಮಶಾನ, ಪವಿತ್ರ ಸ್ಥಳಗಳು ಬರುತ್ತವೆ. ಹಿರಿಯರ ಹೇಳಿಕೆಯೂ ಬರುತ್ತೆ. ಅಂದ್ರೆ ಈ ದೇಶದ ಕಾನೂನು ಚೌಡಿ ಕಟ್ಟೆಯನ್ನೂ ಅಜ್ಜನ ಮಾತನ್ನೂ ದಾಖಲೆ ಅಂತ ಒಪ್ಪಿದೆ. ನಮ್ಮ ಸಿಲಬಸ್ ಮಾತ್ರ ಇನ್ನೂ ಒಪ್ಪಿಲ್ಲ.

ನ್ಯೂಜಿಲೆಂಡಿನಲ್ಲಿ ಮಾವೋರಿ ಜನರಿಗೆ ಭೂಮಿ ತಾಯಿ, ಆಕಾಶ ತಂದೆ. ಅಲ್ಲಿ 2017ರಲ್ಲಿ ವಾಂಗನುಯಿ ನದಿಗೆ ಕಾನೂನಿನ ಪ್ರಕಾರ ವ್ಯಕ್ತಿಯ ಸ್ಥಾನ ಸಿಕ್ಕಿತು, ಯಾಕಂದ್ರೆ ಆ ನದಿ ತಮ್ಮ ಹಿರಿಯ ಅಂತ ಹೇಳೋ ಜನ ನೂರಾರು ವರ್ಷ ಆ ಮಾತು ಬಿಡಲಿಲ್ಲ. 2023ರಲ್ಲಿ ಮಾವೋರಿ ಇತಿಹಾಸ ಅಲ್ಲಿನ ಶಾಲೆಗಳಲ್ಲಿ ಕಡ್ಡಾಯ ಆಯ್ತು. ನಮಗೆ ಹೊಳೆಗೆ ಬಾಗಿಲಿಟ್ಟ ಊರೇ ಇದೆ.

(8/8)
📷 ಖಾಲಿ ಕ್ಲಾಸ್‌ರೂಮು

ಹಾಗಾದ್ರೆ ಎಂತ ಮಾಡಬೇಕು? ರಾಜ್ಯಕ್ಕೆಲ್ಲ ಒಂದು ಪಾಠ ಬರೆದು ಹಾಕಿದ್ರೆ ಕೆಲಸ ಕೆಟ್ಟಿತು. ಬೀದರಿನ ಹುಡುಗಿ ಭೂಮಣ್ಣಿ ಬುಟ್ಟಿ ಬಾಯಿಪಾಠ ಮಾಡಬೇಕು, ‘ಭೂಮಿ ಹುಣ್ಣಿಮೆ ಯಾವ ಮಾಸದಲ್ಲಿ ಬರುತ್ತದೆ?’ ಅಂತ ಒಂದು ಮಾರ್ಕಿನ ಪ್ರಶ್ನೆ ಬರುತ್ತೆ, ಅಲ್ಲಿಗೆ ಹಬ್ಬ ಸತ್ತಿತು. ತಾಲೂಕಿಗೊಂದು ಸಣ್ಣ ಪುಸ್ತಕ ಸಾಕು, ಅದೂ ಮಕ್ಕಳೇ ಕೇಳಿ ಬರೆದದ್ದು. ಪರೀಕ್ಷೆ ಬೇಡ. ಭೂಮಿ ಹುಣ್ಣಿಮೆ ದಸರಾ ರಜೆಯ ಆಸುಪಾಸಿನಲ್ಲೇ ಬರುತ್ತೆ, ರಜೆಯ ಹೋಮ್‌ವರ್ಕ್ ಅಂತ ಕಾಪಿರೈಟಿಂಗ್ ಕೊಡೋ ಬದಲು ಇದನ್ನ ಕೊಡಿ.

ಪಾಠ ಮಾಡೋರು ಯಾರು? ಬುಟ್ಟಿ ಬರೆಯೋ ಅಮ್ಮನೇ ಬರಲಿ. ಕಂಪ್ಯೂಟರ್ ಹೇಳಿಕೊಡೋಕೆ ಬರೋರಿಗೆ ಗೌರವಧನ ಕೊಡ್ತಾರಲ್ಲ, ಅಷ್ಟೇ ಇವರಿಗೂ ಕೊಡಲಿ. ಶಾಲು ಹಾರ ಹಾಕಿ, ಫೋಟೊ ತೆಗೆದು, ಬಸ್ ಚಾರ್ಜಿಲ್ಲದೆ ಕಳಿಸೋದು ಬೇಡ. ಹಸಲರ ಮನೆಯ ಕಥೆ ಹಸಲರೇ ಹೇಳಲಿ, ಅವರ ಪರವಾಗಿ ನಾನೋ ಮೇಷ್ಟ್ರೋ ಹೇಳೋದಲ್ಲ. ಎರಡು ಮನೆಯವರು ಎರಡು ಥರ ಹೇಳಿದ್ರೆ ಎರಡೂ ಬರೀಬೇಕು. ಹೇಳಬಾರದ್ದು ಅಂತ ಅವರು ನಿಲ್ಲಿಸಿದ ಕಡೆ ಪೆನ್ನು ನಿಲ್ಲಿಸಬೇಕು.

ಒಂದು ಎಚ್ಚರ ಮಾತ್ರ ಬೇಕು. ಮಕ್ಕಳನ್ನ ಎದ್ದು ನಿಲ್ಲಿಸಿ, ನಿಮ್ಮ ಜಾತಿಯಲ್ಲಿ ಎಂತ ಮಾಡ್ತಾರೆ ಹೇಳು ಅಂತ ಕೇಳಬೇಡಿ ದಯವಿಟ್ಟು. ಮನೆಯಲ್ಲಿ ಚೌಡಿಗೆ ಕೋಳಿ ಕೊಟ್ಟ ಮಾರನೇ ದಿನ ಕ್ಲಾಸಿಗೆ ಬಂದು, ಹಬ್ಬಕ್ಕೆ ಎಂತ ಮಾಡಿದ್ರಿ ಅಂದ್ರೆ ಹೋಳಿಗೆ ಅನ್ನೋ ಮಕ್ಕಳು ಎಷ್ಟಿದ್ದಾರೆ ನಿಮಗೂ ಗೊತ್ತು, ನನಗೂ ಗೊತ್ತು. ಆ ಮಗುವಿನ ಹೋಳಿಗೆಗೆ ಕಾರಣ ನಾವು, ಕ್ಲಾಸು. ಅದು ಕೋಳಿ ಅಂತ ಧೈರ್ಯವಾಗಿ ಹೇಳೋ ಥರ ಕ್ಲಾಸು ಇರಬೇಕು, ಹೇಳು ಅಂತ ಒತ್ತಾಯ ಮಾಡಬಾರದು.

ಬಿ.ಎಡ್. ಮಾಡ್ತಿರೋ ಸೀನಿಯರ್ಸ್ ಇದ್ದೀರಿ ಇಲ್ಲಿ. ಪ್ರಾಕ್ಟೀಸ್ ಟೀಚಿಂಗಿಗೆ ಬಲೀಂದ್ರನ ಎರಡು ಕಥೆ ತಗೊಳ್ಳಿ, ಒಂದೇ ಪೀರಿಯಡ್ ಸಾಕು. ಹೇಗಾಯ್ತು ಹೇಳಿ. ಉಳಿದವರು ಮನೆಯಲ್ಲಿ ಒಂದೇ ಪ್ರಶ್ನೆ ಕೇಳಿ: ನಮ್ಮ ಚೌಡಿ ಇಲ್ಲಿಗೆ ಎಲ್ಲಿಂದ ಬಂದ್ಲು? ಉತ್ತರವನ್ನ ಅವರ ಮಾತಿನಲ್ಲೇ, ಅವರನ್ನ ಕೇಳಿಯೇ ರೆಕಾರ್ಡ್ ಮಾಡಿ ಇಟ್ಕೊಳ್ಳಿ. ಕಾಮೆಂಟಿನಲ್ಲಿ ಹಾಕೋದು ಬೇಡ, ಮೊದಲು ನೀವು ಎರಡು ಸಲ ಕೇಳಿ. ಸೊಪ್ಪಿನ ಕುಡಿಗಳ ಹೆಸರು ಮಾತ್ರ ಕಾಮೆಂಟ್ ಮಾಡಬಹುದು. ನನ್ನ ಹತ್ತಿರ ಈಗ ಮೂವತ್ನಾಲ್ಕು ಇದೆ, ನೂರೊಂದಕ್ಕೆ ಇನ್ನೂ ಅರವತ್ತೇಳು ಬೇಕು.

#ಹೊಳೆಬಾಗಿಲು #ಭೂಮಿಹುಣ್ಣಿಮೆ #ಚೌಡಿ #ಮುಳುಗಡೆ #ಅಂಟಿಗೆಪಂಟಿಗೆ #ಮಲೆನಾಡು